ಕುಡಿದು ವಾಹನ ನಡೆಸುವವರಿಗೆ ಕಾನೂನಿನ ಬೇಲಿ ಎಲ್ಲಿಯವರೆಗೆ?



ಕಬ್ಬಿನ ಲೋಡನ್ನು ಕಾರ್ಖಾನೆಯಲ್ಲಿ ಇಳಿಸಿ, ಖಾಲಿ ಟ್ರೇಲರ್ ಕಟ್ಟಿಕೊಂಡು ರಾತ್ರಿ ಊರಿಗೆ ಮರಳುವ ಹುಡುಗ ದಾರಿಯಲ್ಲಿ ಒಂದು ನೈಂಟಿ ಹಾಕಿಕೊಂಡರೆ ಅದು ಅವನ ಸ್ವಂತ ವಿಷಯವೆ? ಮದುವೆಯ ಮನೆಯಿಂದ ಹೆಂಡತಿ ಮಕ್ಕಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟವನು ಕುಡಿದಿದ್ದರೆ ಅದರಲ್ಲಿ ಊರಿಗೇನು ಕೆಲಸ, ಸರ್ಕಾರಕ್ಕೇನು ಕೆಲಸ?

ಅರಳಿಕಟ್ಟೆಯ ಮೇಲೆ ಈ ಮಾತು ಬಂದಾಗಲೆಲ್ಲ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. “ದುಡ್ಡು ನನ್ನದು, ಹೊಟ್ಟೆ ನನ್ನದು, ಗಾಡಿಯೂ ನನ್ನದು, ಕೇಳುವುದಕ್ಕೆ ಇವರು ಯಾರು?” ಎನ್ನುವವರು ಕೆಲವರು. “ಕುಡಿದವರನ್ನೆಲ್ಲ ಹಿಡಿದು ಒಳಗೆ ಹಾಕಬೇಕು” ಎನ್ನುವವರು ಮತ್ತೆ ಕೆಲವರು. ಈ ಎರಡು ಮಾತೂ ಸರಿಯಲ್ಲವೆಂಬುದು ಈ ಲೇಖನದ ಅಭಿಪ್ರಾಯ.

ಬೇಲಿ ಹಾಕುವ ಕಷ್ಟ ನಿಮಗೆ ಗೊತ್ತಿದೆ. ತೀರ ಒಳಕ್ಕೆ ಹಾಕಿದರೆ ಹೊರಗುಳಿದ ಪೈರನ್ನು ದನ ಮೇಯುತ್ತದೆ. ತೀರ ಹೊರಕ್ಕೆ ಹಾಕಿದರೆ ಪಕ್ಕದವನ ಜಮೀನೂ ಊರಿನ ದಾರಿಯೂ ಒಳಗೆ ಸೇರಿಹೋಗುತ್ತವೆ. ಕಾನೂನಿನ ಬೇಲಿಯೂ ಹಾಗೆಯೇ. ಈಗ ಅದು ಎಲ್ಲಿದೆ, ಎಲ್ಲಿ ಇರಬೇಕು, ಅದು ಮುಟ್ಟದ ಕಡೆ ನಾವು ಏನು ಮಾಡಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಇದು ಪಟ್ಟಣದವರ ವಿಷಯವೆಂದು ಪುಟ ತಿರುಗಿಸಬೇಡಿ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಇವರಲ್ಲಿ ಮೂರರಲ್ಲಿ ಎರಡು ಪಾಲು ಜನ ಸತ್ತದ್ದು ಗ್ರಾಮಾಂತರದ ರಸ್ತೆಗಳಲ್ಲಿ. ಎಲ್ಲವೂ ಕುಡಿತದಿಂದ ಆದ ಸಾವುಗಳಲ್ಲ. ಆದರೆ ಕತ್ತಲೆಯ ದಾರಿ, ದೀಪವಿಲ್ಲದ ಟ್ರೇಲರ್, ರಸ್ತೆಗೆ ಬರುವ ದನಕರು ಇವೆಲ್ಲ ಇರುವ ಹಳ್ಳಿಯ ಕಡೆ, ಕುಡಿದವನ ಕೈಯಲ್ಲಿ ಸ್ಟೇರಿಂಗ್ ಇದ್ದರೆ ಅಪಾಯ ಇನ್ನಷ್ಟು ಹೆಚ್ಚುತ್ತದೆ.

1. ಕಾನೂನು ನಡೆದು ಬಂದ ದಾರಿ

1939ರ ಮೋಟಾರು ವಾಹನಗಳ ಕಾಯಿದೆಯಲ್ಲಿ ಮೊದಲಿಗೆ ಕುಡಿತಕ್ಕೆ ಇಂತಿಷ್ಟು ಎಂಬ ಅಳತೆ ಇರಲಿಲ್ಲ. ವಾಹನವನ್ನು ಸರಿಯಾಗಿ ಹತೋಟಿಯಲ್ಲಿಡಲು ಆಗದಷ್ಟು ಅಮಲು ಏರಿದ್ದರೆ ಮಾತ್ರ ಅಪರಾಧ ಎಂದಿತ್ತು. ಕೇಳುವುದಕ್ಕೆ ಇದು ನ್ಯಾಯವಾಗಿಯೇ ಇದೆ. ಆದರೆ ಹತೋಟಿ ಇತ್ತೋ ಇಲ್ಲವೋ ಎಂದು ತೋರಿಸುವುದು ಹೇಗೆ? ಬಾಯಿ ವಾಸನೆ, ಕಣ್ಣಿನ ಕೆಂಪು, ತೂರಾಡುವ ನಡಿಗೆ ಇವುಗಳ ಮೇಲೆ ಸಾಕ್ಷಿ ನಿಲ್ಲಬೇಕಾಗಿತ್ತು. ಕುಡಿತ ರೂಢಿಯಾದವನು ತೂರಾಡುವುದಿಲ್ಲ. ಜ್ವರ ಬಂದವನು ತೂರಾಡಬಹುದು.

1988ರ ಹೊಸ ಕಾಯಿದೆಯಲ್ಲಿ ಬೇಲಿ ಇನ್ನೊಂದು ಕೊನೆಯಲ್ಲಿತ್ತು. ಚಾಲಕನ ರಕ್ತದಲ್ಲಿ ಮದ್ಯಸಾರ ಎಷ್ಟೇ ಕಡಿಮೆ ಇರಲಿ, ಅದು ಅಪರಾಧವೆಂದು 185ನೆಯ ಕಲಮಿನಲ್ಲಿ ಬರೆದರು. ಆಸವ, ಅರಿಷ್ಟಗಳಂಥ ಔಷಧಿಗಳಲ್ಲಿಯೂ ಸ್ವಲ್ಪ ಮದ್ಯಸಾರ ಇರುತ್ತದೆ. ಆ ಮಾತನ್ನು ಅಕ್ಷರಶಃ ಹಿಡಿದರೆ ಎರಡು ಚಮಚ ಅರಿಷ್ಟ ಕುಡಿದವನೂ ತಪ್ಪಿತಸ್ಥನಾಗಬೇಕಾಗಿತ್ತು.

1994ರ ತಿದ್ದುಪಡಿ ಬೇಲಿಯನ್ನು ನಡುವೆ ತಂದು ನಿಲ್ಲಿಸಿತು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧ. ಇಂದಿಗೂ ಅದೇ ಗೆರೆ. ಆದರೆ ಶಿಕ್ಷೆ 2019ರಲ್ಲಿ ಬಿಗಿಯಾಯಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಸಜಾ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಮತ್ತೊಮ್ಮೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಸಜಾ, ಇಲ್ಲವೆ 15,000 ರೂಪಾಯಿ ದಂಡ, ಇಲ್ಲವೆ ಎರಡೂ. ಲೈಸೆನ್ಸ್ ಅಮಾನತಾಗುವ ಸಂಭವವೂ ಉಂಟು.

ಅಳತೆ ಇರುವುದೇ ಸರಿ. ಡೇರಿಯಲ್ಲಿ ಹಾಲಿನ ಕೊಬ್ಬಿನಂಶವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ನೀವು ಒಪ್ಪುತ್ತೀರಾ? ಯಂತ್ರದಲ್ಲಿ ಅಳೆದ ಅಂಕಿ ಉಳ್ಳವನಿಗೂ ಇಲ್ಲದವನಿಗೂ ಒಂದೇ. ಅದು ಚಾಲಕನನ್ನು ಹಿಡಿಯುತ್ತದೆ. ತಪ್ಪಿಲ್ಲದವನನ್ನು ಕಾಯುವುದೂ ಅದೇ.

2. ಮೂವತ್ತು ಮಿಲಿಗ್ರಾಂ ಎಂದರೆ ಎಷ್ಟು?

ಮೂವತ್ತು ಮಿಲಿಗ್ರಾಂ ಎಂದರೆ ಒಂದು ಅಕ್ಕಿ ಕಾಳಿನ ತೂಕಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಇಷ್ಟು ಸಣ್ಣ ತೂಕಕ್ಕೆ ಇಷ್ಟು ದೊಡ್ಡ ದಂಡವೆ ಎನಿಸಬಹುದು. ಲೆಕ್ಕ ಹಾಕಿ ನೋಡಿ.

ಅಂಗಡಿಯಲ್ಲಿ ಸಿಗುವ ವಿಸ್ಕಿ, ರಂ, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಪಾಲು ಮದ್ಯಸಾರವಿರುತ್ತದೆ. 30 ಮಿಲಿಲೀಟರಿನಲ್ಲಿ ಸುಮಾರು 10 ಗ್ರಾಂ. ಅರವತ್ತು ಕಿಲೋ ತೂಕದ ಗಂಡಸಿನ ಮೈಯಲ್ಲಿ ಅದು ಎಲ್ಲ ಕಡೆ ಹರಡಿದಾಗ ರಕ್ತದ ಅಂಕಿ ಸುಮಾರಾಗಿ ಹೀಗೆ ಏರುತ್ತದೆ:

30 ಮಿಲಿಲೀಟರ್ ಕುಡಿದರೆ ಸುಮಾರು 24 ಮಿಲಿಗ್ರಾಂ;
60 ಮಿಲಿಲೀಟರ್ ಕುಡಿದರೆ ಸುಮಾರು 49;
ಒಂದು ನೈಂಟಿಗೆ ಸುಮಾರು 73;
ಒಂದು ಕ್ವಾರ್ಟರಿಗೆ, ಎಂದರೆ 180 ಮಿಲಿಲೀಟರಿಗೆ, ಸುಮಾರು 145.

ನೂರಕ್ಕೆ 8 ಪಾಲಿನ ಸ್ಟ್ರಾಂಗ್ ಬೀರಿನ ಒಂದು ದೊಡ್ಡ ಬಾಟಲಿ ಸುಮಾರು 100ಕ್ಕೆ ಒಯ್ಯುತ್ತದೆ. ಇದು ಅಂದಾಜಿನ ಲೆಕ್ಕ. ಊಟದ ಜೊತೆ ನಿಧಾನವಾಗಿ ಕುಡಿದರೆ ಸ್ವಲ್ಪ ಕಡಿಮೆ. ಮೈ ತೂಕ ಕಡಿಮೆ ಇದ್ದವರಿಗೂ ಹೆಂಗಸರಿಗೂ ಇದಕ್ಕಿಂತ ಹೆಚ್ಚು. ಅಂತೂ ಒಂದು ನೈಂಟಿ ಹಾಕಿದವನು ಗೆರೆಯನ್ನು ಎರಡು ಪಾಲಿಗಿಂತಲೂ ಹೆಚ್ಚಾಗಿ ದಾಟಿರುತ್ತಾನೆ. “ಒಂದೇ ನೈಂಟಿ, ಅದರಿಂದ ಏನಾಗುತ್ತದೆ?” ಎಂಬ ಮಾತಿಗೆ ಇದೇ ಉತ್ತರ.

ಇನ್ನು ಅದು ಇಳಿಯುವ ಬಗೆ. ಪಿತ್ತಜನಕಾಂಗ ಗಂಟೆಗೆ ಸುಮಾರು 15 ಮಿಲಿಗ್ರಾಂನಷ್ಟು ಮಾತ್ರ ಕರಗಿಸುತ್ತದೆ. ಅದನ್ನು ಅವಸರಪಡಿಸುವ ಉಪಾಯವಿಲ್ಲ. ನಿಂಬೆರಸ, ಮಜ್ಜಿಗೆ, ಹುಣಸೆ ನೀರು, ಕಾಫಿ, ತಣ್ಣೀರು ಸ್ನಾನ ಇವುಗಳಿಂದ ನಿದ್ದೆ ಬಿಟ್ಟೀತು, ರಕ್ತದ ಅಂಕಿ ಇಳಿಯದು. ಏಲಕ್ಕಿ, ಈರುಳ್ಳಿ ಜಗಿದರೆ ಬಾಯಿ ವಾಸನೆ ಮುಚ್ಚೀತು. ಯಂತ್ರ ಅಳೆಯುವುದು ಶ್ವಾಸಕೋಶದ ಆಳದಿಂದ ಬರುವ ಗಾಳಿಯಲ್ಲಿರುವ ಮದ್ಯಸಾರವನ್ನು.

ಇದರಲ್ಲಿ ರೈತರು ವಿಶೇಷವಾಗಿ ಗಮನಿಸಬೇಕಾದ ಒಂದು ವಿಷಯವಿದೆ. ರಾತ್ರಿ ಹತ್ತು ಗಂಟೆಗೆ ಒಂದು ಕ್ವಾರ್ಟರ್ ಮುಗಿಸಿ ಮಲಗಿದವನು ಬೆಳಗಿನ ಐದಕ್ಕೆ ಎದ್ದು ಹಾಲಿನ ಕ್ಯಾನ್ ಕಟ್ಟಿಕೊಂಡು ಬೈಕ್ ಹತ್ತಿದರೆ, ಅಥವಾ ಮಾರುಕಟ್ಟೆಗೆ ಟೊಮೇಟೊ ತುಂಬಿಕೊಂಡು ಹೊರಟರೆ, ಅವನ ರಕ್ತದಲ್ಲಿ ಇನ್ನೂ ಸುಮಾರು 40 ಉಳಿದಿರುತ್ತದೆ. ಅವನಿಗೆ ಅಮಲಿನ ಅನುಭವವೇ ಇರುವುದಿಲ್ಲ. ಆದರೂ ಅವನು ಗೆರೆಯ ಹೊರಗಿದ್ದಾನೆ. ಎರಡು ಕ್ವಾರ್ಟರ್ ಕುಡಿದಿದ್ದರೆ ಮರುದಿನ ಸಂಜೆಯವರೆಗೂ ವಾಹನ ಮುಟ್ಟಬಾರದು. ಯಾವಾಗ ಕುಡಿದೆ ಎಂದು ಕಾನೂನು ಕೇಳುವುದಿಲ್ಲ. ಈಗ ಎಷ್ಟಿದೆ ಎಂದು ಕೇಳುತ್ತದೆ.

ಈ ಗೆರೆ ತೀರ ಬಿಗಿಯಾಯಿತೆ? 1936ರಲ್ಲಿ ನಾರ್ವೆ ದೇಶ ಮೊದಲು ಇಂಥ ಗೆರೆ ಎಳೆದಾಗ 50 ಎಂದು ಇಟ್ಟಿತು. ಇಂಗ್ಲೆಂಡಿನಲ್ಲಿ 1967ರಿಂದ 80. ಸಾಮಾನ್ಯ ಚಾಲಕರಿಗೆ 50, ಹೊಸ ಚಾಲಕರಿಗೆ 20 ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇವುಗಳ ಪಕ್ಕದಲ್ಲಿಟ್ಟರೆ ನಮ್ಮದು ಸ್ವಲ್ಪ ಬಿಗಿಯೇ. ಬಿಗಿಯಾಗಿರುವುದೂ ಯೋಗ್ಯವೇ. ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಹನ್ನೊಂದು ಮೀಟರ್ ಓಡುತ್ತದೆ. ಬ್ರೇಕ್ ಒತ್ತುವುದು ಅರ್ಧ ಸೆಕೆಂಡು ತಡವಾದರೆ ಐದೂವರೆ ಮೀಟರ್ ಮುಂದಕ್ಕೆ ಹೋಗಿರುತ್ತದೆ. ನಮ್ಮ ರಸ್ತೆಯ ಮೇಲೆ ಆ ಐದೂವರೆ ಮೀಟರಿನೊಳಗೆ ಶಾಲೆಗೆ ಹೋಗುವ ಮಗುವಿರಬಹುದು, ಕಟ್ಟು ಬಿಚ್ಚಿದ ಕರುವಿರಬಹುದು.

3. ಯಾವ ವಾಹನ? ಯಾವ ಜಾಗ?

ಬೈಕು, ಆಟೋ, ಕಾರು, ಲಾರಿಗಳಂತೆ ಟ್ರ್ಯಾಕ್ಟರ್ ಸಹ ಕಾಯಿದೆಯ ಪ್ರಕಾರ ಮೋಟಾರು ವಾಹನವೇ. “ಇದು ಬೇಸಾಯದ ಯಂತ್ರ, ಇದಕ್ಕೆ ಆ ಕಾನೂನು ಇಲ್ಲ” ಎಂದು ಹೇಳುವವರ ಮಾತನ್ನು ನಂಬಬೇಡಿ.

ಎತ್ತಿನ ಗಾಡಿಗೆ ಈ 185ನೆಯ ಕಲಮು ಅನ್ವಯಿಸದು. ಆದರೆ ಸಾರ್ವಜನಿಕ ದಾರಿಯಲ್ಲಿ ಯಾವುದೇ ವಾಹನವನ್ನು ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಅಡ್ಡಾದಿಡ್ಡಿ ಹೊಡೆದರೆ ಅದಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇರೆ ಕಲಮಿದೆ. ಇಂಗ್ಲೆಂಡಿನಲ್ಲಿ 1872ರಷ್ಟು ಹಿಂದೆಯೇ, ಕುಡಿದು ಗಾಡಿ, ಕುದುರೆ, ದನ ಇವುಗಳನ್ನು ರಸ್ತೆಯಲ್ಲಿ ಹೊಡೆದುಕೊಂಡು ಹೋಗುವವನಿಗೆ ಶಿಕ್ಷೆ ಎಂದು ಕಾನೂನಾಗಿತ್ತು. ಜಪಾನಿನವರು 2024ರ ನವೆಂಬರಿನಿಂದ ಸೈಕಲ್ ಸವಾರರಿಗೂ ಉಸಿರಿನ ಗೆರೆಯನ್ನು ಅನ್ವಯಿಸಿದ್ದಾರೆ.

ನಮ್ಮಲ್ಲಿಯೂ ಸೈಕಲ್ಲು, ಎತ್ತಿನ ಗಾಡಿಗಳವರೆಗೆ ಇದು ಬರಬೇಕೆ? ಬೇಡವೆಂದೇ ಹೇಳಬೇಕು. ಗಾಡಿಯ ಮೇಲೆ ಮಲಗಿ ನಿದ್ದೆ ಹೋದವನನ್ನು ಎತ್ತುಗಳು ಮನೆ ಬಾಗಿಲಿಗೆ ತಂದು ನಿಲ್ಲಿಸುತ್ತವೆ. ಟ್ರ್ಯಾಕ್ಟರಿಗೆ ಮನೆಯ ದಾರಿ ಗೊತ್ತಿಲ್ಲ. ಬೇರೆಯವರ ಜೀವ ತೆಗೆಯುವ ಶಕ್ತಿ ಯಾವುದಕ್ಕೆ ಹೆಚ್ಚೋ ಅದರ ಮೇಲೆ ಕಾನೂನಿನ ಭಾರವೂ ಹೆಚ್ಚಿರಬೇಕು.

ಇನ್ನು ಜಾಗದ ಮಾತು. ಡಾಂಬರು ರಸ್ತೆ ಮಾತ್ರ ರಸ್ತೆಯಲ್ಲ. ಜನರಿಗೆ ಓಡಾಡುವ ಹಕ್ಕಿರುವ ಯಾವುದೇ ದಾರಿ ಕಾಯಿದೆಯ ದೃಷ್ಟಿಯಲ್ಲಿ ಸಾರ್ವಜನಿಕ ಸ್ಥಳ. ಊರಿನ ಬಂಡಿ ದಾರಿ, ನಕಾಶೆಯಲ್ಲಿರುವ ಹೊಲದ ದಾರಿ ಇವೂ ಅದರೊಳಗೆ ಬರುತ್ತವೆ. ಪೊಲೀಸರು ದಾರಿಯಲ್ಲಿ ನಿಲ್ಲಿಸಿ ಉಸಿರು ಪರೀಕ್ಷೆ ಮಾಡುವ ಅಧಿಕಾರ ಇಂಥ ಸ್ಥಳಕ್ಕೆ ಸೇರಿದ್ದು. ಅಪರಾಧವನ್ನು ಹೇಳುವ 185ನೆಯ ಕಲಮಿನಲ್ಲಿಯಾದರೋ ‘ಸಾರ್ವಜನಿಕ ಸ್ಥಳ’ ಎಂಬ ಪದವೇ ಇಲ್ಲ. ವಾಹನ ನಡೆಸುವುದು, ನಡೆಸಲು ಪ್ರಯತ್ನಿಸುವುದು ಎಂದಷ್ಟೇ ಇದೆ. ಕುಡಿದವನು ಬೈಕಿಗೆ ಕಿಕ್ ಹೊಡೆಯುತ್ತಿರುವಾಗ ಸಿಕ್ಕಿದರೂ, “ನಾನು ಇನ್ನೂ ಹೊರಟೇ ಇರಲಿಲ್ಲ” ಎಂಬ ಮಾತು ಅವನನ್ನು ಉಳಿಸದು.

ಹಾಗೆಂದು ನಿಮ್ಮ ಸ್ವಂತ ಹೊಲದ ಬದುವಿನ ಮೇಲೆ ಪೊಲೀಸರು ಬಂದು ನಿಲ್ಲಬೇಕೆಂದು ಯಾರೂ ಕೇಳುತ್ತಿಲ್ಲ. ಅಲ್ಲಿ ಕಾಯಬೇಕಾದವರು ಮನೆಯವರು. ಬದು ಹತ್ತಿದ ಟ್ರ್ಯಾಕ್ಟರ್ ಮಗುಚುವುದಕ್ಕೆ ಒಂದು ಕ್ಷಣ ಸಾಕು. ತಿರುಗುತ್ತಿರುವ ರೋಟವೇಟರಿನ ಹತ್ತಿರ ನಿಂತ ಕೂಲಿಯಾಳಿಗೆ ಅದು ಯಾರ ಹೊಲವೆಂಬುದರಿಂದ ರಕ್ಷಣೆ ಸಿಗುವುದಿಲ್ಲ.

ಒಂದು ಮೆಚ್ಚತಕ್ಕ ಅಂಶವನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿ ಕುಡಿದವನು ವಾಹನ ನಡೆಸದೆ, ಅದರ ಉಸ್ತುವಾರಿಯಲ್ಲಿ ಇದ್ದರೂ ಅಪರಾಧವಾಗಬಹುದು; ತಾನು ನಡೆಸುವ ಸಂಭವವಿರಲಿಲ್ಲವೆಂದು ಅವನೇ ತೋರಿಸಿಕೊಳ್ಳಬೇಕು. ನಮ್ಮ 185ನೆಯ ಕಲಮು ಅಷ್ಟು ದೂರ ಹೋಗುವುದಿಲ್ಲ. ಕುಡಿದವನು ಬುದ್ಧಿ ತಂದುಕೊಂಡು, ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಿ, ಎಂಜಿನ್ ನಿಲ್ಲಿಸಿ, ಟ್ರೇಲರಿನಲ್ಲಿ ಮಲಗಿದರೆ ಅವನು ಸರಿಯಾದ ಕೆಲಸ ಮಾಡಿದ್ದಾನೆ. ಅವನನ್ನು ಶಿಕ್ಷಿಸುವ ಕಾನೂನು ಬಂದರೆ ಮುಂದಿನ ಸಲ ಅವನು ಮಲಗುವುದಿಲ್ಲ, ಓಡಿಸಿಕೊಂಡೇ ಬರುತ್ತಾನೆ. ಇಲ್ಲಿ ಬೇಲಿ ಈಗಿರುವ ಕಡೆಯೇ ಇರಲಿ.

4. ಚಾಲಕನ ಬೆನ್ನ ಹಿಂದಿರುವವರು

ಕುಡಿದು ಓಡಿಸಿದವನೊಬ್ಬನೇ ತಪ್ಪಿತಸ್ಥನೆ? ಸುಗ್ಗಿಯ ಕಾಲದಲ್ಲಿ ಎಷ್ಟೋ ಕಡೆ ನಡೆಯುವುದು ಹೀಗೆ. ಟ್ರ್ಯಾಕ್ಟರ್ ಒಬ್ಬರದು, ನಡೆಸುವವನು ಸಂಬಳದ ಹುಡುಗ. ಒಂದು ದಿನಕ್ಕೆ ಇನ್ನೊಂದು ಟ್ರಿಪ್ಪು ಹೆಚ್ಚು ಆಗಲಿ ಎಂದು ಅವನಿಗೆ ಕುಡಿಯಲು ದುಡ್ಡು ಕೊಡುವವರಿದ್ದಾರೆ. ಅವನು ಕುಡಿದಿರುವುದು ಕಣ್ಣಿಗೆ ಕಂಡರೂ “ಬೇಗ ಹೋಗಿ ಬಾ” ಎಂದು ಕೀಲಿಕೈ ಕೊಡುವವರೂ ಇದ್ದಾರೆ. ಸಿಕ್ಕಿಬಿದ್ದಾಗ ಹುಡುಗ ಕಂಬಿಯ ಹಿಂದೆ, ಮಾಲೀಕ ಜಗಲಿಯ ಮೇಲೆ.

ಇದಕ್ಕೆ ಕಾಯಿದೆಯಲ್ಲಿ ಉತ್ತರವಿದೆ. ಬಹಳ ಜನಕ್ಕೆ ಗೊತ್ತಿಲ್ಲ. 188ನೆಯ ಕಲಮಿನ ಪ್ರಕಾರ, ಕುಡಿದು ವಾಹನ ನಡೆಸುವುದಕ್ಕೆ ಕುಮ್ಮಕ್ಕು ಕೊಟ್ಟವನಿಗೂ ಚಾಲಕನಿಗೆ ಇರುವ ಶಿಕ್ಷೆಯೇ ಇದೆ. ಆದರೆ ಕುಮ್ಮಕ್ಕನ್ನು ಸಾಕ್ಷಿಯಿಂದ ತೋರಿಸಬೇಕು. ಸಂಬಳಕ್ಕಿರುವ ಹುಡುಗ ಮಾಲೀಕನ ವಿರುದ್ಧ ಸಾಕ್ಷಿ ಹೇಳುವುದು ಸುಲಭವೆ?

2019ರ ತಿದ್ದುಪಡಿ ಇನ್ನೊಂದು ಕಡೆ ದಾರಿ ತೋರಿಸಿದೆ. ಹದಿನೆಂಟು ತುಂಬದ ಹುಡುಗ ವಾಹನ ನಡೆಸಿ ಅಪರಾಧ ಮಾಡಿದರೆ ಅವನ ಪೋಷಕರನ್ನು ಅಥವಾ ವಾಹನದ ಮಾಲೀಕನನ್ನೇ ತಪ್ಪಿತಸ್ಥರೆಂದು ಮೊದಲು ಹಿಡಿಯುತ್ತಾರೆ. ತನಗೆ ತಿಳಿಯದೆ ನಡೆಯಿತು, ತಾನು ತಡೆಯಲು ತಕ್ಕ ಪ್ರಯತ್ನ ಮಾಡಿದ್ದೆ ಎಂದು ತೋರಿಸಿಕೊಳ್ಳುವ ಹೊಣೆ ಅವರದು. ಶಿಕ್ಷೆ ಮೂರು ವರ್ಷದವರೆಗೆ ಸಜಾ ಮತ್ತು 25,000 ರೂಪಾಯಿ ದಂಡ. ಕೂಲಿ ಚಾಲಕನನ್ನು ಇಟ್ಟುಕೊಂಡ ಮಾಲೀಕರಿಗೂ ಇಂಥದೇ ಹೊಣೆ ಬರುವುದು ನ್ಯಾಯ. ಬೇಲಿಯನ್ನು ಇನ್ನಷ್ಟು ಹೊರಕ್ಕೆ ಹಾಕಬೇಕಾದ ಜಾಗವೆಂದರೆ ಇದೇ.

ಜಪಾನಿನ ಉದಾಹರಣೆ ನೋಡಿ. 2006ರಲ್ಲಿ ಫುಕುಓಕದಲ್ಲಿ ಕುಡಿದವನೊಬ್ಬ ಕಾರಿಗೆ ಡಿಕ್ಕಿ ಹೊಡೆದು ಒಂದೇ ಮನೆಯ ಮೂವರು ಮಕ್ಕಳು ತೀರಿಕೊಂಡರು. ದೇಶವೇ ಕಣ್ಣೀರಿಟ್ಟಿತು. 2007ರಲ್ಲಿ ಅಲ್ಲಿನ ಕಾನೂನನ್ನು ತಿದ್ದಿ, ಕುಡಿದವನೆಂದು ತಿಳಿದೂ ವಾಹನ ಕೊಟ್ಟವನು, ಓಡಿಸುತ್ತಾನೆಂದು ತಿಳಿದೂ ಮದ್ಯ ಕೊಟ್ಟವನು, ಕುಡಿದವನೆಂದು ತಿಳಿದೂ ತನ್ನನ್ನು ಕರೆದುಕೊಂಡು ಹೋಗೆಂದು ಕೇಳಿ ಹತ್ತಿದವನು, ಈ ಮೂವರಿಗೂ ಶಿಕ್ಷೆ ಇಟ್ಟರು.

ವಾಹನ ಕೊಟ್ಟವನ ಮಾತು ನಮಗೂ ಒಪ್ಪಿಗೆ. ಜೊತೆಯಲ್ಲಿ ಕೂತವರ ಮಾತು ಬೇರೆ. ರಾತ್ರಿ ಹತ್ತು ಗಂಟೆಗೆ ಪರವೂರಿನಲ್ಲಿ, ಬಸ್ಸಿಲ್ಲದ ಹೊತ್ತಿನಲ್ಲಿ, ಗಂಡ “ಹತ್ತು” ಎಂದರೆ ಮಗುವನ್ನು ಎತ್ತಿಕೊಂಡ ಹೆಂಗಸು ಏನು ಮಾಡಬೇಕು? ಅವಳನ್ನು ತಪ್ಪಿತಸ್ಥಳೆನ್ನುವ ಕಾನೂನು ನಮ್ಮ ಹಳ್ಳಿಗಳಲ್ಲಿ ನ್ಯಾಯವಾಗದು. ಅವಳಿಗೆ ಬೇಕಾದದ್ದು ಆ ರಾತ್ರಿ ತಂಗಲು ಒಂದು ಜಗಲಿ, ಗಂಡನ ಕೈಯಿಂದ ಕೀಲಿ ತೆಗೆದುಕೊಳ್ಳುವ ಒಬ್ಬ ಹಿರಿಯ.

ಅಂಗಡಿಯವರೆಗೂ ಕಾನೂನು ಒಮ್ಮೆ ಹೋಗಿತ್ತು. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯದ ಅಂಗಡಿ ಕೂಡದೆಂದು ತೀರ್ಪು ಕೊಟ್ಟಿತು. 2017ರ ಮಾರ್ಚ್ 31ರಂದು, ಜನಸಂಖ್ಯೆ 20,000 ಮೀರದ ಊರುಗಳಿಗೆ ಇದನ್ನು 220 ಮೀಟರಿಗೆ ಇಳಿಸಿತು. ಅದೇ ವರ್ಷ ಜುಲೈನಲ್ಲಿ ನಗರಸಭೆಗಳ ಎಲ್ಲೆಗೆ ವಿನಾಯಿತಿ ಸಿಕ್ಕಿತು. 2018ರಲ್ಲಿ ಪಂಚಾಯಿತಿ ಪ್ರದೇಶಗಳ ಬಗ್ಗೆ ತೀರ್ಮಾನಿಸುವ ಅವಕಾಶವನ್ನು ರಾಜ್ಯಗಳಿಗೆ ಬಿಟ್ಟಿತು. ಹೀಗೆ ಬೇಲಿ ಎರಡೇ ವರ್ಷದಲ್ಲಿ ಮೂರು ಸಲ ಸರಿಯಿತು. ಅಂಗಡಿಯನ್ನು ಇನ್ನೂರು ಮೀಟರ್ ಆಚೆ ಇಟ್ಟರೆ ಕುಡಿಯುವವನು ಇನ್ನೂರು ಮೀಟರ್ ಹೆಚ್ಚು ಓಡಿಸಿಕೊಂಡು ಹೋಗುವ ಸಂಭವವೂ ಉಂಟು. ಅಂಗಡಿಯ ದೂರಕ್ಕಿಂತ ಚಾಲಕನ ಉಸಿರನ್ನು ಅಳೆಯುವುದು ಹೆಚ್ಚು ಪ್ರಯೋಜನದ್ದು.

5. ಪೊಲೀಸರ ಕೈ ಎಲ್ಲಿಯವರೆಗೆ?

ಬೇಲಿಯೇ ಎದ್ದು ಹೊಲ ಮೇಯಬಾರದು. ಆದುದರಿಂದ ಕಾಯಿದೆ ಅಧಿಕಾರಿಗಳಿಗೂ ಕಟ್ಟುಪಾಡು ಹಾಕಿದೆ. ಇವನ್ನು ಪ್ರತಿಯೊಬ್ಬರೂ ತಿಳಿದಿರಬೇಕು.

ಉಸಿರು ಪರೀಕ್ಷೆ ಕೇಳುವವರು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅಥವಾ ಅಧಿಕಾರ ಪಡೆದ ಸಾರಿಗೆ ಇಲಾಖೆಯ ಅಧಿಕಾರಿ ಆಗಿರಬೇಕು. ಕುಡಿದಿರುವನೆಂದು ಸಂಶಯಪಡಲು ತಕ್ಕ ಕಾರಣವಿರಬೇಕು.

ಪರೀಕ್ಷೆಯಲ್ಲಿ ಮದ್ಯಸಾರ ಕಂಡರೆ ವಾರಂಟಿಲ್ಲದೆ ದಸ್ತಗಿರಿ ಮಾಡಬಹುದು. ಆಮೇಲೆ ಠಾಣೆಯಲ್ಲಿ ಮತ್ತೊಮ್ಮೆ ಉಸಿರು ಕೊಡುವ ಅವಕಾಶವನ್ನು ಕೊಡಬೇಕು. ದಸ್ತಗಿರಿಯಾದ ಎರಡು ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಟ್ಟುಬಿಡಬೇಕು. ರಕ್ತ ತೆಗೆಯುವವರು ನೋಂದಾಯಿತ ವೈದ್ಯರೇ ಆಗಿರಬೇಕು. ಹೆಂಗಸರಿಗಾದರೆ ಮಹಿಳಾ ವೈದ್ಯರಿಂದ, ಇಲ್ಲವೆ ಅವರ ಎದುರಿಗೆ.

ಪರೀಕ್ಷೆಗೆ ಒಪ್ಪದೆ ಹಟ ಮಾಡಿದರೆ ಲಾಭವಿಲ್ಲ. ತಕ್ಕ ಕಾರಣವಿಲ್ಲದೆ ನಿರಾಕರಿಸಿದರೆ ನ್ಯಾಯಾಲಯ ಅದನ್ನೇ ಚಾಲಕನ ವಿರುದ್ಧ ತೆಗೆದುಕೊಳ್ಳಬಹುದು.

ಮುಖ್ಯವಾಗಿ ಇನ್ನೊಂದು. ಇದು ದಾರಿಯಲ್ಲಿಯೇ ಹಣ ಕಟ್ಟಿ ಮುಗಿಸುವ ಪ್ರಕರಣವಲ್ಲ. ನ್ಯಾಯಾಲಯಕ್ಕೆ ಹೋಗಬೇಕು. ಯಾರಾದರೂ “ಇಷ್ಟು ಕೊಟ್ಟು ಹೋಗು” ಎಂದರೆ ಅದು ದಂಡವಲ್ಲ, ಲಂಚ. ಕೊಡುವುದೂ ತಪ್ಪು. ದಸ್ತಗಿರಿಯಾದವರಿಗೆ ವಕೀಲರನ್ನು ಇಡಲು ಶಕ್ತಿ ಇಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಬಂಧನದಲ್ಲಿರುವವರಿಗೆ ಉಚಿತ ನೆರವು ಪಡೆಯುವ ಹಕ್ಕಿದೆ.

ಕುಡಿದು ನಡೆದುಕೊಂಡು ಮನೆಗೆ ಹೋಗುವವನಿಗೂ, ಮನೆಯಲ್ಲೇ ಕುಡಿದು ಮಲಗುವವನಿಗೂ 185ನೆಯ ಕಲಮಿನ ಸಂಬಂಧವಿಲ್ಲ. ಕುಡಿತ ಒಳ್ಳೆಯದೆಂದು ಇದರ ಅರ್ಥವಲ್ಲ. ಅದು ಮನೆಯನ್ನು ಕೆಡಿಸುತ್ತದೆ, ಮೈಯನ್ನು ಕೆಡಿಸುತ್ತದೆ. ಆದರೆ ಅದನ್ನು ಬಿಡಿಸುವ ಕೆಲಸ ಬೇರೆ, ರಸ್ತೆಯನ್ನು ಕಾಯುವ ಕೆಲಸ ಬೇರೆ. ಒಂದೇ ಕಲಮಿನಿಂದ ಎರಡನ್ನೂ ಮಾಡಹೋದರೆ ಎರಡೂ ಕೆಡುತ್ತವೆ.

6. ಅನಾಹುತ ಆದ ಮೇಲೆ

2006ರ ನವೆಂಬರ್ 12ರ ಬೆಳಗಿನ ಜಾವ ಮುಂಬಯಿಯ ಕಾರ್ಟರ್ ರಸ್ತೆಯಲ್ಲಿ ಒಂದು ಕಾರು ಪಾದಚಾರಿ ಮಾರ್ಗದ ಮೇಲೆ ಹತ್ತಿತು. ಅಲ್ಲಿ ಮಲಗಿದ್ದ ಕೂಲಿಕಾರರಲ್ಲಿ ಏಳು ಮಂದಿ ಸತ್ತರು. ಚಾಲಕ ಕುಡಿದಿದ್ದ. ಇದು ಬರಿಯ ಅಜಾಗರೂಕತೆಯಲ್ಲ, ಕೊಲೆಯೆನಿಸದ ನರಹತ್ಯೆ ಎಂಬ ತೀರ್ಮಾನವನ್ನೂ, ಮೂರು ವರ್ಷದ ಸಜೆಯನ್ನೂ ಸುಪ್ರೀಂ ಕೋರ್ಟು 2012ರಲ್ಲಿ ಎತ್ತಿಹಿಡಿಯಿತು. ಕುಡಿದು ಓಡಿಸಿದರೆ ಜನ ಸಾಯಬಹುದೆಂದು ತಿಳಿದೂ ಓಡಿಸಿದವನು “ಆಕಸ್ಮಿಕವಾಗಿ ಆಯಿತು” ಎನ್ನುವಂತಿಲ್ಲ ಎಂಬುದು ಇದರ ತಿರುಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಅಜಾಗರೂಕತೆಯಿಂದ ಸಾವುಂಟುಮಾಡಿದ್ದಕ್ಕೇ ಐದು ವರ್ಷದವರೆಗೆ ಸಜಾ ಇದೆ. ನರಹತ್ಯೆಗೆ ಅದಕ್ಕಿಂತ ಹೆಚ್ಚು.

ಇನ್ನು ವಿಮೆಯ ಮಾತು. “ಇನ್ಶೂರೆನ್ಸ್ ಇದೆ” ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಚಾಲಕ ಕುಡಿದಿದ್ದರೆ ನಿಮ್ಮ ವಾಹನಕ್ಕಾದ ನಷ್ಟವನ್ನು ವಿಮೆ ಸಂಸ್ಥೆ ತುಂಬಿಕೊಡದು. ಮಾಲೀಕನೇ ಕುಡಿದು ಓಡಿಸಿ ಸತ್ತರೆ, ಅವನ ಹೆಸರಿನ ವೈಯಕ್ತಿಕ ಅಪಘಾತ ವಿಮೆಯ ಹಣವೂ ಹೆಂಡತಿ ಮಕ್ಕಳ ಕೈ ಸೇರದೆ ಹೋಗಬಹುದು. ಎದುರಿನವರು ಸತ್ತರೆ ಅಥವಾ ಗಾಯಗೊಂಡರೆ, ಪರಿಹಾರವನ್ನು ವಿಮೆ ಸಂಸ್ಥೆ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಮಂಡಳಿಗಳು ಆಜ್ಞೆ ಮಾಡುವುದುಂಟು. ದುಡಿಯುವ ಒಬ್ಬ ಆಳಿನ ಸಾವಿಗೆ ಪರಿಹಾರ ಲಕ್ಷಗಟ್ಟಲೆ. ಅದನ್ನು ತುಂಬಲು ಎರಡೆಕರೆಯ ಒಕ್ಕಲಿಗ ಏನು ಮಾರಬೇಕೆಂಬುದನ್ನು ನಾವು ಹೇಳಬೇಕಾಗಿಲ್ಲ. ತಾತನ ಕಾಲದಿಂದ ಪಹಣಿಯಲ್ಲಿದ್ದ ಹೆಸರು ಒಂದು ರಾತ್ರಿಯ ಕುಡಿತಕ್ಕೆ ಅಳಿಸಿಹೋದೀತು.

7. ಕಾನೂನು ಮುಟ್ಟದ ಕಡೆ ಊರು ಮಾಡಬೇಕಾದ್ದು

ಊರಿನ ಬಂಡಿ ದಾರಿಯಲ್ಲಿ ಉಸಿರು ಪರೀಕ್ಷೆಯ ಯಂತ್ರ ಕಾಣುವುದು ಅಪರೂಪ. ಅಲ್ಲಿಯ ಕಾವಲು ನಿಮ್ಮದೇ. ಖರ್ಚಿಲ್ಲದ ಕೆಲವು ಕೆಲಸಗಳನ್ನು ಇಲ್ಲಿ ಸೂಚಿಸಿದೆ.

ಒಂದು: ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಿ, ಕುಡಿದವನಿಗೆ ಯಾರೂ ಕೀಲಿ ಕೊಡಬಾರದೆಂದು ನಿರ್ಣಯ ಮಾಡಿ. ಟ್ರ್ಯಾಕ್ಟರ್ ಮಾಲೀಕರೆಲ್ಲ ಸೇರಿ ಒಪ್ಪಿದರೆ, “ಅವನ ಟ್ರಿಪ್ಪು ಹೆಚ್ಚಾಯಿತು, ನನ್ನದು ಕಡಿಮೆಯಾಯಿತು” ಎಂಬ ಪೈಪೋಟಿಯೂ ತಪ್ಪುತ್ತದೆ.

ಎರಡು: ಚಾಲಕರಿಗೆ ಕೂಲಿಯ ಬದಲು, ಇಲ್ಲವೆ ಕೂಲಿಯ ಜೊತೆ, ಮದ್ಯ ಕೊಡುವ ಪದ್ಧತಿ ನಿಲ್ಲಲಿ. ರಾತ್ರಿಯ ಟ್ರಿಪ್ಪಿಗೆ ಊಟ ಕಟ್ಟಿಕೊಡಿ.

ಮೂರು: ಮದುವೆ, ಜಾತ್ರೆ, ಹಬ್ಬಗಳಲ್ಲಿ ಬೈಕಿನ ಕೀಲಿಗಳನ್ನು ಒಬ್ಬ ಹಿರಿಯರ ವಶದಲ್ಲಿಡುವ ರೂಢಿ ಮಾಡಿ. ಕುಡಿದವರ ಕೀಲಿ ಬೆಳಗಾದ ಮೇಲೆ, ಅದೂ ಹೊತ್ತೇರಿದ ಮೇಲೆ ಸಿಗಲಿ. ಯುವಕ ಸಂಘದವರು ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು.

ನಾಲ್ಕು: ಕುಡಿದ ಚಾಲಕನ ಟ್ರೇಲರಿಗೆ ಕೂಲಿಯವರು ಹತ್ತಬೇಡಿ. ಮಹಿಳಾ ಸಂಘದವರು ಒಟ್ಟಾಗಿ “ಹತ್ತುವುದಿಲ್ಲ” ಎಂದರೆ ಯಾವ ಮೇಸ್ತ್ರಿಯೂ ಎದುರಾಡಲಾರ. ಒಬ್ಬಳೇ ಹೇಳುವುದು ಕಷ್ಟ. ಹತ್ತು ಜನ ಹೇಳುವುದು ಸುಲಭ.

ಐದು: ಕುಡಿದು ಹೊರಟವನನ್ನು ತಡೆಯಲಾಗದಿದ್ದರೆ 112ಕ್ಕೆ ಫೋನು ಮಾಡಿ. ಅವನು ನೆಂಟನೇ ಇರಲಿ, ನೆರೆಯವನೇ ಇರಲಿ. ಇದು ಚಾಡಿಯಲ್ಲ. ಅವನ ಮನೆಯ ದೀಪವನ್ನು ಉಳಿಸುವ ಕೆಲಸ.

ಒಟ್ಟಿನಲ್ಲಿ ಹೇಳುವುದಾದರೆ, ಕಾನೂನಿನ ಬೇಲಿ ಕುಡಿಯುವವನ ಅಡಿಗೆಮನೆಯವರೆಗೆ ಹೋಗುವುದು ಬೇಡ. ಆದರೆ ಸ್ಟೇರಿಂಗಿಗೆ ಕೈ ಇಟ್ಟವನನ್ನೂ, ಆ ಕೈಗೆ ಕೀಲಿ ಇಟ್ಟವನನ್ನೂ ಅದು ಬಿಡಬಾರದು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ನಾವೆಲ್ಲ ಆಡುತ್ತೇವೆ. ಈ ವರ್ಷದ ಸುಗ್ಗಿಯಲ್ಲಿ ನಿಮ್ಮ ಊರಿನ ಯಾವ ಮನೆಯವರೂ ಅದನ್ನು ನೆನೆದು ಅಳುವಂತಾಗದಿರಲಿ. ಇಂದು ಸಂಜೆ ಕೀಲಿಕೈ ಕೊಡುವ ಮುಂಚೆ, ತೆಗೆದುಕೊಳ್ಳುವವನ ಮುಖವನ್ನು ಒಮ್ಮೆ ನೋಡಿ ಕೊಡಿ.